ಹುಣಸೆಹಣ್ಣು ಹಿತ್ತಾಳೆಗೆ ಮಾತ್ರ: ಟ್ಯಾಕ್ಟಿಕಲ್ ಪೆನ್ನಿನ ಆರೈಕೆ

ಬೆಂಗಳೂರಿನಲ್ಲಿ ಚಾರಣಕ್ಕೆ ಹೋಗುವ ಗೆಳೆಯರು ಮಳೆಗಾಲಕ್ಕೆ ಮುಂಚೆ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಟ್ಯಾಕ್ಟಿಕಲ್ ಪೆನ್ ತಂದಿರುವವರು ಅದನ್ನು ಜೇಬಿನಿಂದ ತೆಗೆಯಿರಿ. ಪಕ್ಕದವರ ಹತ್ತಿರ ಒಂದು ಹಾಳೆ ಇಸ್ಕೊಂಡು ನಾಲ್ಕು ಗೆರೆ ಎಳೆಯಿರಿ. ಬರೆಯಿತಾ? ಬರೆಯದವರು ನಾಚಿಕೊಳ್ಳಬೇಕಾಗಿಲ್ಲ, ನಿಮ್ಮ ಜೊತೆಗೆ ಬೇಕಾದಷ್ಟು ಜನ ಇದ್ದಾರೆ. ಈ ಪೆನ್ ಕೊಳ್ಳುವವರು ಹಿಂಬದಿಯ ಗಾಜು ಒಡೆಯುವ ಮೊನೆ ನೋಡಿ ಮರುಳಾಗುತ್ತಾರೆ. ಮುಂದಿನ ಬರೆಯುವ ಮೊನೆ ಯಾರಿಗೂ ನೆನಪಿರುವುದಿಲ್ಲ. ಅಂಗಡಿಯಲ್ಲಿ ಎಷ್ಟೇ ದುಡ್ಡು ಕೊಟ್ಟಿರಲಿ, ಬರೆಯದ ಪೆನ್ ಊಟಕ್ಕಿಲ್ಲದ ಉಪ್ಪಿನಕಾಯಿಯೇ.

ಇವತ್ತು ನಾನು ಮುಖ್ಯವಾಗಿ ಹೇಳುವುದು ಒಂದೇ ವಿಷಯ. ಈ ಪೆನ್‌ಗಳು ಕೊಳೆಯಿಂದ ಕೆಡುವುದು ಕಡಿಮೆ, ತೊಳೆಯುವ ಹುರುಪಿನಿಂದ ಕೆಡುವುದು ಜಾಸ್ತಿ. ಅಡುಗೆಮನೆಗೆ ಹೋಗುವುದು, ಕೈಗೆ ಸಿಕ್ಕಿದ್ದನ್ನು ಹಾಕಿ ತಿಕ್ಕುವುದು, ಆಮೇಲೆ ಬಣ್ಣ ಹೋಯಿತು ಅಂತ ಗೋಳಾಡುವುದು. ಅದಕ್ಕೇ ಮೊದಲು ಕೈಯಲ್ಲಿರುವುದು ಯಾವ ಲೋಹ ಅಂತ ತಿಳಿದುಕೊಳ್ಳಬೇಕು. ಆಮೇಲೆ ನೀರು ಮುಟ್ಟಬೇಕು.

ಈ ಪೆನ್ ನೋಡದವರೂ ಇಲ್ಲಿ ಇದ್ದಾರೆ, ಅವರಿಗಾಗಿ ಸ್ವಲ್ಪ ಹೇಳುತ್ತೇನೆ. ಇದು ಗಟ್ಟಿ ಲೋಹದ ದಪ್ಪ ಬಾಲ್‌ಪೆನ್. ಹಿಡಿತಕ್ಕೆ ಮೈಯೆಲ್ಲ ಗೀರು, ಒಂದು ಬಲವಾದ ಕ್ಲಿಪ್, ಹಿಂದೆ ಒಂದು ಚೂಪು ಮೊನೆ. 1970ರ ದಶಕದಲ್ಲಿ ತಕಾಯುಕಿ ಕುಬೋಟಾ ಎಂಬ ಕರಾಟೆ ಗುರು ಅಮೆರಿಕದ ಲಾಸ್ ಏಂಜಲೀಸ್‌ ಪೊಲೀಸರಿಗೆ ಕೀಚೈನಿನಷ್ಟು ಚಿಕ್ಕ ಕೋಲಿನಿಂದ ಆತ್ಮರಕ್ಷಣೆ ಕಲಿಸುತ್ತಿದ್ದರು. ಅದಕ್ಕೆ ಕುಬೋಟಾನ್ ಅಂತ ಹೆಸರು. ಆ ಕೋಲಿನೊಳಗೆ ರೀಫಿಲ್ ಕೂರಿಸಿದರೆ ಹೇಗಿರುತ್ತದೋ ಹಾಗಿದೆ ಈ ಪೆನ್. ಇವತ್ತು ಬೆಂಚ್‌ಮೇಡ್, ಗರ್ಬರ್, ಶ್ರೇಡ್, ಸಿಆರ್‌ಕೆಟಿ, ಹೀಗೆ ಚಾಕು ಮಾಡುವ ಕಂಪನಿಗಳೇ ಹೆಚ್ಚಾಗಿ ಇದನ್ನೂ ಮಾಡುತ್ತವೆ.

ಒಂದು ತಮಾಷೆ ಕೇಳಿ. ಟ್ಯಾಕ್ಟಿಕಲ್ ಅನ್ನುವ ಹೆಸರು ಸೈನ್ಯದ್ದು ಅನ್ನುವ ಹಾಗೆ ಕೇಳಿಸಿದರೂ, ಅಮೆರಿಕದ ಸೈನ್ಯದಲ್ಲಿ ದಶಕಗಳಿಂದ ಕೈಯಿಂದ ಕೈಗೆ ಓಡಾಡುತ್ತಿರುವ ಪೆನ್ ಇದಲ್ಲ. ಅದು ಸ್ಕಿಲ್‌ಕ್ರಾಫ್ಟ್ ಅನ್ನುವ ಸಾದಾ ಪ್ಲಾಸ್ಟಿಕ್ ಪೆನ್. 1952ರಿಂದ ಅಲ್ಲಿನ ಸರ್ಕಾರಕ್ಕೆ ಅದನ್ನು ದೃಷ್ಟಿ ಇಲ್ಲದ ಕೆಲಸಗಾರರು ಜೋಡಿಸಿ ಕೊಡುತ್ತಿದ್ದಾರೆ. ನಿಲ್ಲದೆ ಒಂದು ಮೈಲಿ ಉದ್ದ ಗೆರೆ ಎಳೆಯಬೇಕು ಅಂತ ಅದಕ್ಕೆ ಸರ್ಕಾರಿ ಷರತ್ತು. ಗಾಜು ಒಡೆಯಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ಸರಿ, ಲೋಹಕ್ಕೆ ಬರೋಣ. ಡಬ್ಬಿಯ ಮೇಲೆ ಬರೆದಿದ್ದರೆ ಪುಣ್ಯ. ಇಲ್ಲದಿದ್ದರೆ ಕೈಯಲ್ಲಿ ತೂಗಿ ನೋಡಿ. ನೀರಿಗೆ ಹೋಲಿಸಿದರೆ ಅಲ್ಯೂಮಿನಿಯಂ 2.7 ಪಟ್ಟು ಭಾರ, ಟೈಟೇನಿಯಂ ಸುಮಾರು 4.5 ಪಟ್ಟು, ಸ್ಟೀಲ್ ಸುಮಾರು 8 ಪಟ್ಟು, ಹಿತ್ತಾಳೆ ಎಂಟೂವರೆ ಪಟ್ಟು. ಆದ್ದರಿಂದ ಒಂದೇ ಅಳತೆಯ ಹಿತ್ತಾಳೆ ಪೆನ್ ಅಂಗಿ ಜೇಬನ್ನು ಕೆಳಗೆ ಎಳೆಯುತ್ತದೆ, ಅಲ್ಯೂಮಿನಿಯಂ ಪೆನ್ ಇದೆಯೋ ಇಲ್ಲವೋ ಅನ್ನುವ ಹಾಗಿರುತ್ತದೆ. ಅಯಸ್ಕಾಂತ ಹಿಡಿದು ನೋಡಬಹುದು, ಆದರೆ ಅದನ್ನೇ ನಂಬಬೇಡಿ. ಎಷ್ಟೋ ಜಾತಿಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಅಯಸ್ಕಾಂತ ಅಂಟುವುದೇ ಇಲ್ಲ. ಅಂಟಿತು ಅಂತಾದರೆ ಮಾತ್ರ ಅಲ್ಲಿ ಸ್ಟೀಲ್ ಇದೆ ಅಂತ ಧೈರ್ಯವಾಗಿ ಹೇಳಬಹುದು. ಕ್ಲಿಪ್ಪಿಗೆ ಹಿಡಿದು ಮೋಸ ಹೋಗಬೇಡಿ, ಮೈಗೆ ಹಿಡಿಯಿರಿ.

ನಿಮ್ಮಲ್ಲಿ ಬಹಳ ಜನರ ಹತ್ತಿರ ಇರುವುದು ಕಪ್ಪು ಬಣ್ಣದ ಅಲ್ಯೂಮಿನಿಯಂ ಪೆನ್. ಆ ಕಪ್ಪು, ಮೇಲೆ ಬಳಿದ ಪೇಂಟ್ ಅಲ್ಲ. ಅದಕ್ಕೆ ಆ್ಯನೊಡೈಸಿಂಗ್ ಅನ್ನುತ್ತಾರೆ. ಅಲ್ಯೂಮಿನಿಯಂ ತುಂಡನ್ನು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿದರೆ ಅದರ ಮೈಯೇ ಆಕ್ಸೈಡ್ ಪದರವಾಗಿ ಬದಲಾಗುತ್ತದೆ. ಆ ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅದರೊಳಗೆ ಬಣ್ಣ ಇಳಿಸಿ, ಆಮೇಲೆ ಬಿಸಿನೀರಿನಲ್ಲೋ ಬೇರೆ ದ್ರಾವಣದಲ್ಲೋ ಅದ್ದಿ ರಂಧ್ರ ಮುಚ್ಚುತ್ತಾರೆ. ಮಾಣಿಕ್ಯ, ನೀಲ ಮುಂತಾದ ರತ್ನಗಳಲ್ಲಿ ಹರಳಿನ ರೂಪದಲ್ಲಿರುವುದೂ ಇದೇ ಅಲ್ಯೂಮಿನಿಯಂ ಆಕ್ಸೈಡ್. ಅಂದಮೇಲೆ ಗಟ್ಟಿ ಇರಲೇಬೇಕು, ಅಲ್ವಾ? ಗಟ್ಟಿ ಹೌದು. ಆದರೆ ತೆಳು. ಹಾರ್ಡ್ ಆ್ಯನೊಡೈಸಿಂಗ್‌ನಲ್ಲೂ ಸಾಮಾನ್ಯವಾಗಿ 25ರಿಂದ 50 ಮೈಕ್ರಾನ್ ಇರುತ್ತದೆ. ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ಅಂದುಕೊಳ್ಳಿ.

ಈ ಪದರಕ್ಕೆ ಎರಡು ಶತ್ರು: ಹುಳಿ ಮತ್ತು ಕ್ಷಾರ. ನಮ್ಮ ಅಡುಗೆಮನೆಯಲ್ಲಿ ಬೆಳಗಲು, ತೊಳೆಯಲು ಇರುವ ಸಾಮಾನಿನಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು. ಹುಣಸೆಹಣ್ಣು, ನಿಂಬೆಹಣ್ಣು ಹುಳಿ ಕಡೆ. ವಾಷಿಂಗ್ ಸೋಡಾ, ಸಿಂಕ್ ಕಟ್ಟಿಕೊಂಡರೆ ಹಾಕುವ ಪುಡಿ, ಸುಣ್ಣ ಇವೆಲ್ಲ ಕ್ಷಾರದ ಕಡೆ. ಹುಣಸೆ ಹಚ್ಚಿ ಬಿಟ್ಟರೆ ಬಣ್ಣ ಮಂಕಾಗುತ್ತದೆ. ಕ್ಷಾರ ಇನ್ನೂ ಕೆಟ್ಟದ್ದು, ಅದು ಪದರವನ್ನೇ ಕರಗಿಸುತ್ತದೆ. ಪಾತ್ರೆ ತೊಳೆಯುವ ಮೆಷಿನ್‌ಗೆ ಹಾಕುವ ಪುಡಿಯೂ ಕ್ಷಾರವೇ. ಪೆನ್ನನ್ನು ಯಾರು ಅದರಲ್ಲಿ ಹಾಕುತ್ತಾರೆ ಅಂತ ನಗಬೇಡಿ. ಚಮಚದ ಬುಟ್ಟಿಯಲ್ಲಿ ಚಾಕು, ಟಾರ್ಚು, ಪೆನ್ನು ಎಲ್ಲ ಇಡುವವರಿದ್ದಾರೆ.

ಇಲ್ಲಿ ಕೂತಿರುವ ನಿಮಗೆ ಬೇಕಾದ ಇನ್ನೊಂದು ವಿಷಯ. ಮಲೆನಾಡಿನ ಕಾಡಿಗೆ ಮಳೆಯಲ್ಲಿ ಹೋದಾಗ ಇಂಬಳಕ್ಕೆ ಅಂತ ಕಾಲಿಗೆ ಏನೇನು ಹಚ್ಚಿಕೊಳ್ಳುತ್ತೀರಿ? ಉಪ್ಪು, ಹೊಗೆಸೊಪ್ಪಿನ ನೀರು, ಸುಣ್ಣ. ಅದೇ ಕೈಯಲ್ಲಿ ಪೆನ್ ಮುಟ್ಟುತ್ತೀರಿ. ಸುಣ್ಣ ಅಲ್ಯೂಮಿನಿಯಂಗೆ ಆಗದು, ಉಪ್ಪು ಸ್ಟೀಲಿಗೆ ಆಗದು. ಅಂಗಡಿಯ ಸ್ಪ್ರೇ ಬಳಸುವವರು ಅದರಲ್ಲಿ ಡೀಟ್ ಎಂಬ ಕೀಟ ಓಡಿಸುವ ರಾಸಾಯನಿಕ ಇದೆಯಾ ನೋಡಿ. ಡೀಟ್ ಕೆಲವು ಪ್ಲಾಸ್ಟಿಕ್ಕನ್ನು, ಪೇಂಟನ್ನು ಮೆತ್ತಗೆ ಮಾಡಿ ಎಬ್ಬಿಸಿಬಿಡುತ್ತದೆ. ಲೋಹದ ಮೈಗೆ ಏನೂ ಆಗುವುದಿಲ್ಲ, ಕ್ಲಿಪ್ಪಿನ ಪೇಂಟ್ ಮತ್ತು ಒಳಗಿನ ಪ್ಲಾಸ್ಟಿಕ್ ಬುಷ್ ಹೋಗಬಹುದು. ಕಾಡಿಂದ ಬಂದ ದಿನವೇ ಪೆನ್ನನ್ನು ಸಾದಾ ನೀರಲ್ಲಿ ತೊಳೆದು ಒರೆಸಿಬಿಟ್ಟರೆ ಈ ತಾಪತ್ರಯವೇ ಇಲ್ಲ.

ಆ್ಯನೊಡೈಸಿಂಗ್ ಕೆರೆದು ಒಳಗಿನ ಬೆಳ್ಳಿ ಬಣ್ಣ ಕಂಡರೆ ಮನೆಯಲ್ಲಿ ಸರಿ ಮಾಡಲು ಬರುವುದಿಲ್ಲ. ಮಾರ್ಕರ್ ಬಳಿದರೆ ವಾರದಲ್ಲಿ ಕೈಗೆ ಹತ್ತುತ್ತದೆ. ಬಿಟ್ಟುಬಿಡಿ. ಕೆಲಸ ಮಾಡುವ ಸಾಮಾನಿಗೆ ಗೀರು ಬೀಳಲಿ, ಏನೀಗ?

ಇನ್ನು ಹಿತ್ತಾಳೆ ಪೆನ್ ಇಟ್ಟುಕೊಂಡವರು. ನಿಮಗೆ ನಮ್ಮ ಅಜ್ಜಿಯರ ವಿದ್ಯೆ ಪೂರ್ತಿ ನಡೆಯುತ್ತದೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಗಾಳಿ, ಬೆವರು ತಾಗಿ ಮೇಲೆ ಕಂದು ಪದರ ಕಟ್ಟುತ್ತದೆ, ಒದ್ದೆ ಇದ್ದ ಕಡೆ ಹಸಿರು ಕಿಲುಬು ಹಿಡಿಯುತ್ತದೆ. ಹುಣಸೆಹಣ್ಣಿನ ಹುಳಿ ಆ ಪದರವನ್ನು ಕರಗಿಸುತ್ತದೆ. ಅದೇ ಹುಳಿ ಅಲ್ಯೂಮಿನಿಯಂನ ಪದರಕ್ಕೂ ಕೈ ಹಾಕುತ್ತದೆ. ಒಂದು ಕಡೆ ಬೇಡದ್ದು ಹೋಗುತ್ತದೆ, ಇನ್ನೊಂದು ಕಡೆ ಬೇಕಾದ್ದೇ ಹೋಗುತ್ತದೆ. ಅದಕ್ಕೇ ಲೋಹ ನೋಡಿ ಅಂತ ಬಡಕೊಳ್ಳುತ್ತಿರುವುದು.

ಮಾಡುವ ಕ್ರಮ ಹೀಗೆ. ರೀಫಿಲ್, ಸ್ಪ್ರಿಂಗ್, ರಬ್ಬರ್ ರಿಂಗ್ ಎಲ್ಲ ತೆಗೆದಿಡಿ. ನೆನೆಸಿದ ಹುಣಸೆಯಲ್ಲಿ ನಾರು, ಬೀಜ ತೆಗೆದು ತಿಳಿ ರಸ ಮಾತ್ರ ತೆಗೆದುಕೊಳ್ಳಿ. ನಾರು ಥ್ರೆಡ್ ಒಳಗೆ, ಅಂದರೆ ತಿರುಗಿಸಿ ಕೂರಿಸುವ ಸುರುಳಿ ಗೀರಿನೊಳಗೆ, ಸೇರಿಕೊಂಡರೆ ಅದನ್ನು ಕೀಳುವುದೇ ಒಂದು ಕೆಲಸ. ಬಟ್ಟೆಯಲ್ಲಿ ರಸ ಹಚ್ಚಿ ಒಂದೆರಡು ನಿಮಿಷ ಉಜ್ಜಿ. ಹಸಿರು ಹೋಗಿ ಮೈ ಸ್ವಲ್ಪ ಗುಲಾಬಿ ಕಂಡರೆ ಕೂಡಲೇ ನಿಲ್ಲಿಸಿ. ಹುಳಿಗೆ ತಾಮ್ರಕ್ಕಿಂತ ಸತು ಬೇಗ ಬಲಿಯಾಗುತ್ತದೆ, ಹೊತ್ತು ಮೀರಿದರೆ ಮೇಲೆ ತಾಮ್ರವೇ ಉಳಿಯುತ್ತದೆ. ಆಮೇಲೆ ಸೋಪಿನ ನೀರಲ್ಲಿ ತೊಳೆದು, ಸಾದಾ ನೀರಲ್ಲಿ ಜಾಲಿಸಿ, ಚೆನ್ನಾಗಿ ಒರೆಸಿ. ಹುಳಿ ಉಳಿದರೆ ಮರುದಿನವೇ ಮತ್ತೆ ಕಿಲುಬು. ಪಾತ್ರೆ ಪುಡಿ, ಸ್ಟೀಲ್ ಸ್ಕ್ರಬ್ಬರ್ ಮಾತ್ರ ಬೇಡ. ದೇವರ ದೀಪಕ್ಕೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಥ್ರೆಡ್ಡಿನ ಅಂಚು ಸವೆದರೆ ಕ್ಯಾಪ್ ಲೊಡಲೊಡ ಅನ್ನುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಹಿತ್ತಾಳೆಯ ಕಂದು ಬಣ್ಣ ತೆಗೆಯಲೇಬಾರದು. ಅದು ಕೊಳೆ ಅಲ್ಲ, ಒಳಗಿನ ಲೋಹಕ್ಕೆ ಹೊದಿಕೆ. ಹಸಿರು ಕಂಡ ಜಾಗವನ್ನು ಮಾತ್ರ ತೆಗೆಯಿರಿ. ಮತ್ತೆ, ಹಿತ್ತಾಳೆ ಮುಟ್ಟಿದ ಕೈಗೆ ಒಂದು ವಾಸನೆ ಬರುತ್ತದಲ್ಲ, ಅದು ಲೋಹದ ವಾಸನೆ ಅಲ್ಲ. ನಮ್ಮದೇ ಚರ್ಮದ ಜಿಡ್ಡು ಲೋಹದ ಜೊತೆ ಸೇರಿ ಬದಲಾದಾಗ ಹುಟ್ಟುವ ವಾಸನೆ. ಪೆನ್ನನ್ನು ತಿಕ್ಕಿದರೆ ಅದು ಪೂರ್ತಿ ಹೋಗುವುದಿಲ್ಲ, ಕೈ ತೊಳೆದುಕೊಳ್ಳಬೇಕು.

ಟೈಟೇನಿಯಂ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದಕ್ಕೆ ಆರೈಕೆಯೇ ಬೇಕಿಲ್ಲ. ತುಕ್ಕು ಹಿಡಿಯದು, ಉಪ್ಪುನೀರಿಗೂ ಜಗ್ಗದು. ನೀಲಿ, ನೇರಳೆ ಬಣ್ಣದ ಟೈಟೇನಿಯಂ ಪೆನ್ ಇದ್ದವರಿಗೆ ಮಾತ್ರ ಒಂದು ಮಾತು. ಅದರಲ್ಲಿ ಯಾವ ಬಣ್ಣವನ್ನೂ ಹಾಕಿರುವುದಿಲ್ಲ. ಆಕ್ಸೈಡ್ ಪದರದ ದಪ್ಪಕ್ಕೆ ತಕ್ಕಂತೆ ಬೆಳಕು ಬೇರೆ ಬೇರೆ ಬಣ್ಣವಾಗಿ ಕಾಣುತ್ತದೆ ಅಷ್ಟೆ. ಮಳೆಯಲ್ಲಿ ರಸ್ತೆ ಮೇಲೆ ಬಿದ್ದ ಡೀಸೆಲ್ ಬಣ್ಣ ಬಣ್ಣವಾಗಿ ಕಾಣುವ ಹಾಗೆ. ಕೈಯ ಜಿಡ್ಡು ಕೂತರೆ ಆ ಬಣ್ಣವೇ ಬದಲಾಗಿ ಕೆಸರುಗಟ್ಟಿದಂತೆ ಕಾಣುತ್ತದೆ. ಬಣ್ಣ ಹೋಯಿತು ಅಂತ ಗಾಬರಿಯಾಗಬೇಡಿ. ಸೋಪು ಹಾಕಿ ತೊಳೆದರೆ ವಾಪಸ್ ಬರುತ್ತದೆ. ಮರಳುಕಾಗದ ಹಾಕಿ ಉಜ್ಜಿದರೆ ಮಾತ್ರ ಬರುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಪೆನ್‌ಗೂ ಉಪ್ಪು ಒಗ್ಗುವುದಿಲ್ಲ. ಮಂಗಳೂರು, ಕಾರವಾರದ ಕಡೆ ಇರುವವರಿಗೆ ಇದು ಗೊತ್ತು, ಅಲ್ಲಿ ಮನೆ ಬಾಗಿಲಿನ ಸ್ಟೀಲ್ ಹಿಡಿಕೆಗೂ ಕಂದು ಚುಕ್ಕೆ ಬರುತ್ತದೆ. ಸಮುದ್ರಕ್ಕೆ ಹೋಗಿ ಬಂದರೆ ಸಿಹಿನೀರಲ್ಲಿ ತೊಳೆಯಿರಿ, ಒರೆಸಿ. ಬೆವರಿನಲ್ಲೂ ಉಪ್ಪೇ ಇರುವುದು, ಮರೆಯಬೇಡಿ.

ಹಾಗಾದರೆ ಎಲ್ಲ ಲೋಹಕ್ಕೂ ನಡೆಯುವಂಥದ್ದು ಏನು? ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು, ಹಳೇ ಟೂತ್‌ಬ್ರಷ್, ಒಂದು ಹತ್ತಿ ಬಟ್ಟೆ. ಇಷ್ಟೇ. ಟೂತ್‌ಬ್ರಷ್ ಅಂದೆ, ಟೂತ್‌ಪೇಸ್ಟ್ ಅನ್ನಲಿಲ್ಲ. ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ, ಹೊಳಪು ಮಾಸುತ್ತದೆ. ಪೆನ್ನಿನ ಮೈಮೇಲೆ ಹಿಡಿತಕ್ಕಾಗಿ ಚಿಕ್ಕ ಚಿಕ್ಕ ಚೌಕದ ಗೀರು ಹಾಕಿರುತ್ತಾರೆ. ಪೀಣ್ಯದ ಲೇತ್ ಶೆಡ್‌ಗಳಲ್ಲಿ ಕೆಲಸ ಮಾಡಿದವರಿಗೆ ನರ್ಲಿಂಗ್ ಅಂದರೆ ಗೊತ್ತಿರುತ್ತದೆ. ಕೈಯ ಸತ್ತ ಚರ್ಮ, ಜಿಡ್ಡು, ಜೇಬಿನ ಬಟ್ಟೆಯ ಗುಂಜು ಎಲ್ಲ ಸೇರಿ ಈ ಗೀರಿನಲ್ಲಿ ಬೂದು ಬಣ್ಣದ ಮೇಣದ ಹಾಗೆ ಕೂರುತ್ತದೆ. ಬ್ರಷ್ಷನ್ನು ಉದ್ದಕ್ಕೆ ಎಳೆದರೆ ಅದು ಜಾಗ ಬಿಡುವುದಿಲ್ಲ. ಗೀರು ಓರೆಯಾಗಿ ಇರುತ್ತದೆ, ಬ್ರಷ್ಷೂ ಓರೆಯಾಗಿ ಎರಡು ಕಡೆಯಿಂದ ಹೋಗಬೇಕು. ಕೆಲವು ಪೆನ್ನಿನ ತಲೆಗೆ ಕಿರೀಟದ ಥರ ಹಲ್ಲು ಇಟ್ಟಿರುತ್ತಾರೆ, ಎದುರಾಳಿಯ ಡಿಎನ್‌ಎ ಸಿಗುತ್ತದೆ ಅಂತ ಜಾಹೀರಾತು. ದಿನಾ ಅದರಲ್ಲಿ ಸಿಗುವುದು ನಿಮ್ಮ ಪ್ಯಾಂಟಿನ ದಾರ. ಅದಕ್ಕೂ ಇದೇ ಬ್ರಷ್ ಸಾಕು.

ಈಗ ಥ್ರೆಡ್. ಪೆನ್ನಿನ ಆಯಸ್ಸು ಇರುವುದು ಇಲ್ಲಿ. ಕ್ಯಾಪ್ ಅಥವಾ ಮೈಯನ್ನು ತಿರುಗಿಸುವಾಗ ಕರಕರ ಅಂದರೆ ಒಳಗೆ ಮಣ್ಣು ಇದೆ ಅಂತ ಅರ್ಥ. ಬಲ ಹಾಕಿ ತಿರುಗಿಸಬೇಡಿ. ಕಳಚಿ, ಹೊರಗಿನ ಥ್ರೆಡ್ಡಿಗೆ ಬ್ರಷ್ ಹಾಕಿ. ಒಳಗಿನ ಥ್ರೆಡ್ಡಿಗೆ ಇಯರ್‌ಬಡ್ ಹಾಕಿದರೆ ಅದರ ಹತ್ತಿಯೇ ಸಿಕ್ಕಿಕೊಳ್ಳುತ್ತದೆ. ಅದರ ಬದಲು ಮರದ ಹಲ್ಲುಕಡ್ಡಿಯ ಮೊನೆಯನ್ನು ಸ್ವಲ್ಪ ಜಜ್ಜಿಕೊಂಡು ಗೀರಿನ ಉದ್ದಕ್ಕೂ ಓಡಿಸಿ. ಸೂಜಿ, ಬ್ಲೇಡು ಬೇಡ. ಅಲ್ಯೂಮಿನಿಯಂಗಿಂತ ಸೂಜಿ ಗಟ್ಟಿ, ಗೀರಿಗೆ ಇನ್ನೊಂದು ಗೀರು ಸೇರುತ್ತದೆ.

ಚೊಕ್ಕ ಆದಮೇಲೆ ಎಣ್ಣೆ. ನಮ್ಮಲ್ಲಿ ಎಣ್ಣೆ ಅಂದ ತಕ್ಷಣ ಕೊಬ್ಬರಿ ಎಣ್ಣೆ ಕಡೆ ಕೈ ಹೋಗುತ್ತದೆ. ಬಾಗಿಲಿನ ಕೀಲಿಗೂ ಅದೇ, ತಲೆಗೂ ಅದೇ. ಪೆನ್ನಿಗೆ ಬೇಡ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಿಗ್ಗೆ ಬಾಟಲಿಯಲ್ಲಿ ನೋಡಿರುತ್ತೀರಿ. ಮೇಲಾಗಿ ಹಳತಾದರೆ ಕಮಟು ವಾಸನೆ, ಜಿಗುಟು. ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ ಸಾಕು. ರಬ್ಬರ್ ರಿಂಗ್ ಇದ್ದರೆ ಸಿಲಿಕೋನ್ ಗ್ರೀಸ್ ಒಳ್ಳೆಯದು. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಹಾಕಿ ರಿಂಗ್ ತೊಳೆಯಬೇಡಿ, ಕೆಲವು ರಬ್ಬರ್ ಉಬ್ಬಿಕೊಂಡು ಮತ್ತೆ ಅದರ ಜಾಗಕ್ಕೆ ಕೂರುವುದೇ ಇಲ್ಲ. ಎಣ್ಣೆ ಹಾಕಿದ ಮೇಲೆ ಒರೆಸಿಬಿಡಿ. ಕೈಗೆ ಜಿಡ್ಡು ಹತ್ತುವಷ್ಟು ಉಳಿದರೆ ಆ ಜಿಡ್ಡೇ ನಾಳೆ ಧೂಳು ಹಿಡಿಯುತ್ತದೆ.

ಟೈಟೇನಿಯಂಗೆ ಆರೈಕೆ ಬೇಕಿಲ್ಲ ಅಂದೆನಲ್ಲ, ಅದರ ಥ್ರೆಡ್ಡಿಗೆ ಮಾತ್ರ ಬೇಕು. ಟೈಟೇನಿಯಂ ಮೇಲೆ ಟೈಟೇನಿಯಂ ಒಣಗಿದ್ದಾಗ ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಒಮ್ಮೆ ಕಚ್ಚಿಕೊಂಡರೆ ಬಿಡಿಸುವಾಗ ಥ್ರೆಡ್ಡೇ ಕಿತ್ತು ಬರುತ್ತದೆ. ಅಲ್ಲಿ ಗ್ರೀಸ್ ಕಡ್ಡಾಯ.

ಮತ್ತೆ ಜೋಡಿಸುವಾಗ ಒಂದು ಉಪಾಯ. ನೇರವಾಗಿ ಬಲಕ್ಕೆ ತಿರುಗಿಸಬೇಡಿ. ಎರಡು ತುಂಡು ಸೇರಿಸಿ ಮೊದಲು ನಿಧಾನವಾಗಿ ಎಡಕ್ಕೆ, ಅಂದರೆ ಬಿಚ್ಚುವ ಕಡೆಗೆ ತಿರುಗಿಸಿ. ಒಂದು ಕಡೆ ಟಕ್ ಅಂತ ಸಣ್ಣಗೆ ಕೆಳಗೆ ಇಳಿದದ್ದು ಬೆರಳಿಗೆ ತಿಳಿಯುತ್ತದೆ. ಥ್ರೆಡ್ಡಿನ ಬಾಯಿಗೆ ಬಾಯಿ ಸೇರಿದ ಜಾಗ ಅದು. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಎರಡು ಬೆರಳ ಬಲದಲ್ಲೇ ಕೂರುತ್ತದೆ. ಕತ್ತಲಲ್ಲಿ ಟಾರ್ಚ್ ಮುಚ್ಚಳ ಹಾಕುವಾಗಲೂ ಇದನ್ನೇ ಮಾಡಿ, ಥ್ರೆಡ್ ಅಡ್ಡಡ್ಡ ಕೂತು ಹಾಳಾಗುವುದಿಲ್ಲ.

ಕ್ಲಿಪ್ಪಿನ ಸ್ಕ್ರೂ ನೋಡಿದ್ದೀರಾ? ನಕ್ಷತ್ರದ ಥರ ಆರು ಮೂಲೆ ಇದ್ದರೆ ಅದು ಟಾರ್ಕ್ಸ್, ಎಷ್ಟೋ ಪೆನ್ನಿನಲ್ಲಿ ಟಿ-6 ಅಳತೆ. ಚಪ್ಪಟೆ ಸ್ಕ್ರೂಡ್ರೈವರ್ ತುರುಕಿದರೆ ತಲೆ ಸವೆದು ಮುಗಿಯಿತು. ಕ್ಲಿಪ್ ಅಲ್ಲಾಡುತ್ತಿದ್ದರೆ ಸ್ಕ್ರೂ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ನೀಲಿ ಲಾಕ್‌ಟೈಟ್ ಅನ್ನುವ ಸ್ಕ್ರೂ ಅಂಟು ತುಸು ಹಚ್ಚಿ ಬಿಗಿ ಮಾಡಿ. ಕೆಂಪು ಬಣ್ಣದ್ದು ಬೇಡ, ಅದನ್ನು ಬಿಡಿಸಲು ಬಿಸಿ ಮಾಡಬೇಕಾಗುತ್ತದೆ. ಅಲ್ಯೂಮಿನಿಯಂ ಮೈಗೆ ಸ್ಟೀಲ್ ಸ್ಕ್ರೂ ಇರುವ ಕಡೆ ಉಪ್ಪುನೀರು ನಿಂತರೆ ಎರಡು ಲೋಹದ ನಡುವೆ ಸಣ್ಣ ಬ್ಯಾಟರಿ ಥರ ಕೆಲಸ ಶುರುವಾಗುತ್ತದೆ. ಸ್ಕ್ರೂ ಸುತ್ತ ಬಿಳಿ ಪುಡಿ ಕಂಡರೆ ಅದೇ. ಅಲ್ಲಿ ಸವೆಯುತ್ತಿರುವುದು ಸ್ಕ್ರೂ ಅಲ್ಲ, ಪೆನ್ನಿನ ಮೈ. ಕರಾವಳಿಯವರು ಈ ಜಾಗವನ್ನು ಆಗಾಗ ನೋಡಬೇಕು.

ಹಿಂದಿನ ಮೊನೆಗೆ ಬರೋಣ, ಎಲ್ಲರೂ ಕಾಯುತ್ತಿದ್ದೀರಿ. ಒಳ್ಳೆಯ ಪೆನ್ನಿನಲ್ಲಿ ಅದು ಟಂಗ್‌ಸ್ಟನ್ ಕಾರ್ಬೈಡ್. ಗಾಜಿಗಿಂತ ತುಂಬಾ ಗಟ್ಟಿ. ಕಾರಿನ ಪಕ್ಕದ ಗಾಜು ಸಾಮಾನ್ಯವಾಗಿ ಟೆಂಪರ್ಡ್. ಅದರ ಹೊರಮೈ ಬಿಗಿಯಾಗಿ ಒತ್ತಿಕೊಂಡಿರುತ್ತದೆ, ಒಳಭಾಗ ಎಳೆದುಕೊಂಡಿರುತ್ತದೆ. ಚೂಪು ಮೊನೆ ಆ ಹೊರಮೈಯನ್ನು ಒಂದು ಕಡೆ ದಾಟಿದರೆ ಸಾಕು, ಇಡೀ ಗಾಜು ಕಲ್ಲುಸಕ್ಕರೆಯಂತೆ ಉದುರುತ್ತದೆ. ಹೊಡೆಯಬೇಕಾದ್ದು ಮೂಲೆಗೆ, ನಡುವಿಗಲ್ಲ. ಮುಂದಿನ ವಿಂಡ್‌ಶೀಲ್ಡ್ ಹಾಗಲ್ಲ, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಬಿರುಕು ಬಿಟ್ಟರೂ ಬೀಳುವುದಿಲ್ಲ. ಈಗಿನ ಕೆಲವು ಕಾರುಗಳ ಪಕ್ಕದ ಗಾಜೂ ಹೀಗೆ ಬರುತ್ತಿದೆ. ಗಾಜಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಇವತ್ತು ಮನೆಗೆ ಹೋಗುವಾಗ ನಿಮ್ಮ ಕಾರಿನಲ್ಲಿ ನೋಡಿ.

ಈ ಮೊನೆಯ ಆರೈಕೆ ಅಂದರೆ ಅದನ್ನು ಸುಮ್ನೆ ಬಿಡುವುದು. ಕಾರ್ಬೈಡ್ ಗಟ್ಟಿ, ಆದರೆ ಚೂರಾಗುವ ಜಾತಿ. ಗ್ರಾನೈಟ್ ನೆಲದ ಮೇಲೆ ಬಿದ್ದರೆ ಮೊನೆ ಹಾರಬಹುದು. ಗೆಳೆಯರಿಗೆ ತೋರಿಸಲು ಕಲ್ಲಿಗೆ ಕುಟ್ಟುವುದು, ತೆಂಗಿನಕಾಯಿಗೆ ಹೊಡೆಯುವುದು ಇವನ್ನೆಲ್ಲ ಬಿಡಿ. ಉಜ್ಜಿ ಚೂಪು ಮಾಡಲು ಹೋಗಬೇಡಿ, ಮನೆಯ ಸಾಣೆಕಲ್ಲಿಗೆ ಅದು ಬಗ್ಗುವುದಿಲ್ಲ. ಬೆಳಕಿಗೆ ಹಿಡಿದು ನೋಡಿ, ತುದಿ ಮುರಿದಿದ್ದರೆ ಬದಲಿಸಿ, ಎಷ್ಟೋ ಪೆನ್ನಿನಲ್ಲಿ ಮೊನೆ ಸ್ಕ್ರೂ ಥರ ಬಿಚ್ಚಿ ಬರುತ್ತದೆ. ಅಗ್ಗದ ಪೆನ್ನಿನಲ್ಲಿ ಮೊನೆ ಸಾದಾ ಸ್ಟೀಲ್ ಇರಬಹುದು. ಅಯಸ್ಕಾಂತ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಕಾರ್ಬೈಡ್‌ನಲ್ಲಿ ಬೆಸುಗೆಗೆ ಕೋಬಾಲ್ಟ್ ಇದ್ದರೆ ಅದಕ್ಕೂ ಅಂಟುತ್ತದೆ. ಆದರೆ ಕಂದು ತುಕ್ಕು ಕಂಡರೆ ಸ್ಟೀಲ್ ಅಂತ ತಿಳಿಯಿರಿ.

ನನಗೆ ಇಷ್ಟವಾದ ಸಂಗತಿ ಬೇರೆ. ಗಾಜು ಒಡೆಯುವ ಇದೇ ಟಂಗ್‌ಸ್ಟನ್ ಕಾರ್ಬೈಡ್ ಪೆನ್ನಿನ ಇನ್ನೊಂದು ತುದಿಯಲ್ಲೂ ಇದೆ. ಹೆಚ್ಚಿನ ಬಾಲ್‌ಪೆನ್ ರೀಫಿಲ್‌ಗಳ ಮೊನೆಯಲ್ಲಿ ಉರುಳುವ ಗುಂಡು ಅದರದ್ದೇ. ಒಂದು ಮಿಲಿಮೀಟರಿನಷ್ಟು ದಪ್ಪ, ಎಷ್ಟೋ ಸಲ ಇನ್ನೂ ಕಡಿಮೆ. ಹತ್ತು ರೂಪಾಯಿ ಪೆನ್ನಿನಲ್ಲೂ ಅದೇ. ಹಾಗಾಗಿ ಗುಂಡು ಸವೆಯಿತು ಅನ್ನುವುದು ಅಪರೂಪ. ಗುಂಡು ಕೂತಿರುವ ಗುಳಿ ಹಿತ್ತಾಳೆಯದ್ದೋ ಸ್ಟೀಲಿನದ್ದೋ ಇರುತ್ತದೆ, ಸವೆದರೆ ಅದು ಸವೆಯುತ್ತದೆ. ಇಲ್ಲವೇ ಕಾಗದದ ನಾರು, ಜಿಡ್ಡು ಸೇರಿ ಗುಂಡು ಉರುಳದಂತಾಗುತ್ತದೆ. ಎಟಿಎಂ ಚೀಟಿಯಂಥ ನುಣುಪು ಕಾಗದದ ಮೇಲೆ, ಎಣ್ಣೆ ಬಿದ್ದ ಕಾಗದದ ಮೇಲೆ ಬರೆದರೆ ಹೀಗಾಗುತ್ತದೆ.

ನಿಂತ ರೀಫಿಲ್ಲಿಗೆ ಮೊದಲು ಮೊನೆಯನ್ನು ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಜೆಲ್ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇದ್ದು ಅಂಟು ಉಳಿಯುತ್ತದೆ. ಆಮೇಲೆ ರಟ್ಟಿನ ಮೇಲೆ ಒತ್ತದೆ ಸುತ್ತು ಗೀಚಿ. ಆಗಲೂ ಬರಲಿಲ್ಲ ಅಂದರೆ ಮೊನೆಯನ್ನು ಅರ್ಧ ನಿಮಿಷ ಬಿಸಿನೀರಲ್ಲಿ ಹಿಡಿದು, ಒರೆಸಿ, ಮತ್ತೆ ಗೀಚಿ. ಕಡ್ಡಿ ಗೀರಿ ಬೆಂಕಿಗೆ ಹಿಡಿಯುವ ಹಳೇ ಅಭ್ಯಾಸ ಮಾತ್ರ ಬಿಡಿ. ಯಾಕೆ ಅಂದರೆ ಟ್ಯಾಕ್ಟಿಕಲ್ ಪೆನ್ನಿನಲ್ಲಿ ಒತ್ತಡ ತುಂಬಿದ ರೀಫಿಲ್ ಇರಬಹುದು. ಒಳಗೆ ನೈಟ್ರೋಜನ್ ಗಾಳಿ ಶಾಯಿಯನ್ನು ತಳ್ಳುತ್ತಿರುತ್ತದೆ. ಅದನ್ನು ಕಾಯಿಸುವುದು, ಹಿಂದಿನಿಂದ ಚುಚ್ಚುವುದು ಎರಡೂ ಅಪಾಯ.

ಈ ರೀಫಿಲ್ ಪಾಲ್ ಫಿಶರ್ ಎಂಬವರ ಕೆಲಸ. 1965ರಲ್ಲಿ ಅವರು ಸ್ವಂತ ಕಂಪನಿಯ ದುಡ್ಡಿನಲ್ಲಿ ಮಾಡಿ ಪೇಟೆಂಟಿಗೆ ಅರ್ಜಿ ಹಾಕಿದರು. 1968ರ ಅಕ್ಟೋಬರಿನಲ್ಲಿ ಅಪೊಲೊ 7ರ ಜೊತೆ ಅದು ಆಕಾಶಕ್ಕೆ ಹೋಯಿತು. ನಾಸಾ ಕೋಟಿಗಟ್ಟಲೆ ಸುರಿದು ಪೆನ್ ಮಾಡಿತು, ರಷ್ಯದವರು ಪೆನ್ಸಿಲ್ ಬಳಸಿದರು ಅನ್ನುವ ವಾಟ್ಸ್ಆ್ಯಪ್ ಕಥೆ ಸುಳ್ಳು. ಅದಕ್ಕೆ ಮುಂಚೆ ನಾಸಾ ಕೂಡ ಪೆನ್ಸಿಲ್ಲೇ ಬಳಸುತ್ತಿತ್ತು. 1965ರಲ್ಲಿ 34 ಮೆಕ್ಯಾನಿಕಲ್ ಪೆನ್ಸಿಲ್ಲಿಗೆ ತಲಾ 128.89 ಡಾಲರ್ ಕೊಟ್ಟು ಬೈಸಿಕೊಂಡಿತ್ತು. 1969ರಲ್ಲಿ ಸೋವಿಯತ್ ಒಕ್ಕೂಟವೂ ಇದೇ ಪೆನ್ನನ್ನು ಕೊಂಡಿತು. ನಮಗೆ ಬೇಕಾದ್ದು ಇಷ್ಟು: ಈ ಶಾಯಿ ಮಾಮೂಲಿನಂತೆ ಹರಿಯುವುದಿಲ್ಲ, ಗುಂಡು ಉರುಳಿ ಅಲುಗಿದಾಗ ಮಾತ್ರ ತೆಳುವಾಗುತ್ತದೆ. ಅಂಗಾತ ಮಲಗಿಕೊಂಡು ಬರೆಯಬಹುದು, ಒದ್ದೆ ಕಾಗದದ ಮೇಲೂ ಬರೆಯಬಹುದು. ಬಳಸುವಾಗ ಮೊನೆಯಲ್ಲಿ ಸ್ವಲ್ಪ ಶಾಯಿ ಮುದ್ದೆಗಟ್ಟುವುದು ಅದರ ಸ್ವಭಾವ, ಒರೆಸಿಕೊಳ್ಳಬೇಕು.

ಹೊಸ ರೀಫಿಲ್ ತರುವಾಗ ಒಂದು ಗೊಂದಲ ಆಗುತ್ತದೆ. ಬಹಳಷ್ಟು ಟ್ಯಾಕ್ಟಿಕಲ್ ಪೆನ್ನಿಗೆ ಹಿಡಿಸುವುದು ಪಾರ್ಕರ್ ಮಾದರಿ, ಸುಮಾರು 98 ಮಿಲಿಮೀಟರ್ ಉದ್ದದ್ದು. ಇದರ ಅಂತರರಾಷ್ಟ್ರೀಯ ಗುರುತು ಜಿ2. ಪೈಲಟ್ ಕಂಪನಿಯ ಜೆಲ್ ಪೆನ್ನಿಗೂ ಜಿ2 ಅಂತಲೇ ಹೆಸರು, ಆದರೆ ಅದರ ರೀಫಿಲ್ ಬೇರೆ, ಉದ್ದ ಜಾಸ್ತಿ. ಅಂಗಡಿಗೆ ಹೋಗಿ ಬರೀ ಜಿ2 ಅಂದರೆ ಯಾವುದು ಬರುತ್ತದೋ ಹೇಳಲಾಗದು. ಹಳೆಯ ರೀಫಿಲ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಇಡುವ ಜಾಗದ ಬಗ್ಗೆ ಸ್ವಲ್ಪ. ಚರ್ಮದ ಚೀಲದಲ್ಲಿ ಹಿತ್ತಾಳೆ ಪೆನ್ ವರ್ಷಗಟ್ಟಲೆ ಇಡಬೇಡಿ. ಚರ್ಮ ಹದ ಮಾಡಿದ ರಾಸಾಯನಿಕ, ಅದು ಹೀರಿಕೊಂಡ ತೇವ ಎರಡೂ ಸೇರಿ ಕಿಲುಬು ಹಿಡಿಸುತ್ತವೆ. ಮಲೆನಾಡಿನ ಜುಲೈನಲ್ಲಿ ಚೀಲಕ್ಕೂ ಬೂಷ್ಟು ಬರುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟರೆ ಸಾದಾ ರೀಫಿಲ್ ಒಳಗಿನ ಗಾಳಿ ಹಿಗ್ಗಿ ಶಾಯಿ ಹೊರಗೆ ಬರುತ್ತದೆ. ರಾಯಚೂರು, ಕಲಬುರಗಿ ಕಡೆಯವರಿಗೆ ಬೇಸಗೆಯ ಕಾರಿನ ಬಗ್ಗೆ ನಾನು ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬರು ಕೇಳಿದರು: ಪೆನ್ ಪ್ಯಾಂಟಿನ ಜೊತೆ ವಾಷಿಂಗ್ ಮೆಷಿನ್‌ಗೆ ಹೋಗಿತ್ತು, ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ, ಸರಿಯಾ? ಅಕ್ಕಿ ಬೇಡ ಸಾರ್. ಅಕ್ಕಿಯ ಹಿಟ್ಟು ಥ್ರೆಡ್ಡಿಗೆ ಸೇರಿ ನೀರಲ್ಲಿ ಗಂಜಿಯಾಗುತ್ತದೆ. ಪೂರ್ತಿ ಬಿಚ್ಚಿ, ಸಾದಾ ನೀರಲ್ಲಿ ಜಾಲಿಸಿ, ಫ್ಯಾನ್ ಕೆಳಗೆ ರಾತ್ರಿಯಿಡೀ ಬಿಡಿ. ಸ್ಪ್ರಿಂಗನ್ನು ಬೇರೆಯಾಗಿ ಒರೆಸಿ, ಮೊದಲು ತುಕ್ಕು ಹಿಡಿಯುವುದು ಅದೇ.

ಹಿಂದಿನಿಂದ ಒಬ್ಬರು ಅಕ್ಕ: ನನ್ನದರಲ್ಲಿ ಟಾರ್ಚ್ ಇದೆ, ಸೆಲ್ ಸುತ್ತ ಬಿಳಿ ಪುಡಿ ಬಂದಿದೆ. ಅಕ್ಕಾ, ಸೆಲ್ ಸೋರಿದೆ. ಆಲ್ಕಲೈನ್ ಸೆಲ್ ಆದರೆ ಅದು ಕ್ಷಾರ, ಕಣ್ಣಿಗೆ, ಬಾಯಿಗೆ ಕೈ ಹಾಕಬೇಡಿ. ಇಲ್ಲಿ ನಿಂಬೆಹಣ್ಣಿಗೆ ಕೆಲಸ ಇದೆ. ಕೈಗವಸು ಹಾಕಿಕೊಂಡು, ಇಯರ್‌ಬಡ್‌ಗೆ ಒಂದು ಹನಿ ನಿಂಬೆರಸ ಹಚ್ಚಿ ಆ ಪುಡಿಯ ಮೇಲೆ ಮಾತ್ರ ಮುಟ್ಟಿಸಿ. ಗುಳ್ಳೆ ಎದ್ದರೆ ಎದ್ದೀತು. ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಮೈ ಅಲ್ಯೂಮಿನಿಯಂ ಇದ್ದರೆ ನಿಂಬೆರಸ ಅದರ ಮೇಲೆ ನಿಲ್ಲಲು ಬಿಡಬೇಡಿ. ಇನ್ನು ಮುಂದೆ ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ.

ವಿಮಾನದಲ್ಲಿ ಒಯ್ಯಬಹುದಾ ಅಂತ ಇಬ್ಬರು ಕೇಳಿದರು. ಕೈಚೀಲದಲ್ಲಿ ಬೇಡ. ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಇಲಾಖೆ ಟ್ಯಾಕ್ಟಿಕಲ್ ಪೆನ್ನನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಇಲ್ಲಿಯೂ ತಪಾಸಣೆಯವರು ಚೂಪು ಮೊನೆ ನೋಡಿ ತೆಗೆದಿಟ್ಟುಕೊಂಡರೆ ವಾದ ಮಾಡಿ ಪ್ರಯೋಜನ ಇಲ್ಲ. ಚೆಕ್-ಇನ್ ಬ್ಯಾಗಿಗೆ ಹಾಕಿ, ಜೇಬಿಗೆ ಒಂದು ಪ್ಲಾಸ್ಟಿಕ್ ಪೆನ್ ಇಟ್ಟುಕೊಳ್ಳಿ.

ಇಷ್ಟು ಸಾಕು. ಕ್ಲಿಪ್ ಸಡಿಲ ಇರುವವರು ಮುಂದೆ ಬನ್ನಿ, ಮೇಜಿನ ಮೇಲೆ ಟಿ-6 ಡ್ರೈವರ್ರೂ ನೀಲಿ ಲಾಕ್‌ಟೈಟೂ ಇದೆ. ರೀಫಿಲ್ ನಿಂತವರು ಆ ಫ್ಲಾಸ್ಕಿನ ಪಕ್ಕ ಸಾಲು ನಿಲ್ಲಿ, ಬಿಸಿನೀರು ಅದರಲ್ಲಿದೆ. ಕಾಫಿಯ ಫ್ಲಾಸ್ಕ್ ಆಚೆ ಕಡೆ ಇರುವುದು, ಅದರಲ್ಲಿ ಅದ್ದಬೇಡಿ.